ಒಂಬತ್ತು ಮಿಲಿಮೀಟರಿನ ತೂತು: ಕಿಸೆ ಕ್ಯಾಮೆರಾ ಬದಲಿಸುವ ಮುಂಚೆ

ವಾರಕ್ಕೊಮ್ಮೆ ಕಾರವಾರದಿಂದ ಶಿರಸಿ ಕಡೆಯ ಮನೆಗೆ ಬರುವಾಗ ನನ್ನ ಕಿಸೆಯಲ್ಲಿ ಒಂದು ಕ್ಯಾಮೆರಾ ಇರುತ್ತದೆ. ತೂಕ 290 ಗ್ರಾಂ. ಅಂಗಿಯ ಕಿಸೆಗೆ ಹಾಕಿದರೆ ಅಂಗಿ ಒಂದು ಬದಿಗೆ ಜೋತುಬೀಳುತ್ತದೆ, ಪ್ಯಾಂಟಿನ ಕಿಸೆಗೆ ಹಾಕಿದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ತೊಡೆಗೆ ಒತ್ತುತ್ತದೆ. ಅಷ್ಟು ಬಿಟ್ಟರೆ ಅದರಿಂದ ಉಪದ್ರವ ಇಲ್ಲ. ಸೋನಿಯ ಆರ್‌ಎಕ್ಸ್100 ಸರಣಿಯ ಮೂರನೆಯ ಮಾದರಿ, 2014ರಲ್ಲಿ ಬಂದದ್ದು, ನಾನು ಕೊಂಡದ್ದು ಸೆಕೆಂಡ್‌ಹ್ಯಾಂಡ್. ಕಾರವಾರದ ಬಂದರಿನಲ್ಲಿ ಬಲೆಯ ಗಂಟು ಬಿಡಿಸುವವರು, ಮಾರಿಕಾಂಬಾ ಜಾತ್ರೆಯ ತೊಟ್ಟಿಲು, ಸಹಸ್ರಲಿಂಗದ ಬಂಡೆಗಳ ನಡುವೆ ಹರಿಯುವ ಶಾಲ್ಮಲೆ, ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಓಡಾಡುವ ಕೋಳಿ, ಎಲ್ಲವೂ ಇದರಲ್ಲೇ ಸೆರೆಯಾಗಿವೆ.

ಊರಿಗೆ ಹೋದಾಗಲೆಲ್ಲ ಭಾವನದು ಒಂದೇ ಮಾತು. "ಇನ್ನೂ ಈ ಡಬ್ಬಿನೇ ಇಟ್ಗಂಡಿದ್ಯಲ, ಒಂದು ದೊಡ್ಡದು ತಗಳಲಾಗ್ದಾ?"

ಈ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡೇ ಉತ್ತರ ಸಾಲದು. ದೊಡ್ಡ ಕ್ಯಾಮೆರಾ ಕೊಂಡು ಮೊದಲಿನಷ್ಟೇ ಫೋಟೊ ತೆಗೆದು, ಆಮೇಲೆ ಅದನ್ನು ಕಪಾಟಿನಲ್ಲಿಟ್ಟು ಫೋನಿಗೆ ಮರಳಿದವರನ್ನು ನಾನು ನೋಡಿದ್ದೇನೆ. ಅವರ ಕ್ಯಾಮೆರಾ ಕೆಟ್ಟದ್ದಾಗಿರಲಿಲ್ಲ. ತಾವು ಕೊಳ್ಳುತ್ತಿರುವುದು ಏನನ್ನು ಎಂಬ ಲೆಕ್ಕ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಗುಣಾಕಾರ ಭಾಗಾಕಾರ ಬಂದರೆ ಸಾಕು.

ಮೊದಲು ಸೆನ್ಸರ್. ಬೆಳಕು ಬಿದ್ದು ಚಿತ್ರವಾಗುವ ಹಲಗೆ ಅದು. ನನ್ನ ಕ್ಯಾಮೆರಾದ್ದನ್ನು 'ಒಂದು ಇಂಚಿನ ಸೆನ್ಸರ್' ಎನ್ನುತ್ತಾರೆ. ಆದರೆ ಸ್ಕೇಲು ಹಿಡಿದರೆ ಅದರ ಯಾವ ಬದಿಯಲ್ಲೂ ಒಂದು ಇಂಚು ಸಿಗುವುದಿಲ್ಲ. ಅಗಲ 13.2 ಮಿ.ಮೀ., ಎತ್ತರ 8.8 ಮಿ.ಮೀ., ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ. ಆಸುಪಾಸು. ಇಂಚು ಎಂದರೆ 25.4. ಈ ಹೆಸರು ಹಳೆಯ ಟೀವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಕಾಲದ್ದು. ಆಗ ಕೊಳವೆಯ ಹೊರಗಿನ ವ್ಯಾಸವನ್ನು ಹೇಳುತ್ತಿದ್ದರು, ಒಳಗೆ ಚಿತ್ರ ಮೂಡುವ ಜಾಗ ಅದರ ಮೂರರಲ್ಲಿ ಎರಡು ಪಾಲಿನಷ್ಟು ಇರುತ್ತಿತ್ತು. ಕೊಳವೆ ಹೋಯಿತು, ಅಳತೆ ಉಳಿಯಿತು. ಸಿಪ್ಪೆ ಸಮೇತ ತೂಗಿದ ಅಡಿಕೆಯನ್ನು ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಲೆಕ್ಕದಲ್ಲಿ ಬರೆದುಕೊಂಡ ಹಾಗೆ.

ಹಾಗಾಗಿ ಹೆಸರು ಬಿಟ್ಟು ವಿಸ್ತೀರ್ಣ ನೋಡಬೇಕು. ಒಂದು ಇಂಚು ಎನಿಸಿಕೊಂಡದ್ದು 116 ಚದರ ಮಿ.ಮೀ. ಹಿಂದೆ ಮದುವೆ ಮನೆಗಳಲ್ಲಿ ಎಲ್ಲರ ಕೈಯಲ್ಲೂ ಇರುತ್ತಿದ್ದ ಅಗ್ಗದ ಡಿಜಿಟಲ್ ಕ್ಯಾಮೆರಾಗಳದ್ದು 28. ಲೆನ್ಸ್ ಬಿಚ್ಚಿ ಹಾಕುವ, ನಮ್ಮಲ್ಲಿ ಹೆಚ್ಚಿನವರು ಕೊಳ್ಳುವ ಎಪಿಎಸ್-ಸಿ ಬಗೆಯದ್ದು ಸುಮಾರು 367. ಹಳೆಯ ರೀಲಿನ ಚೌಕಟ್ಟಿನಷ್ಟೇ ಇರುವ ಫುಲ್ ಫ್ರೇಮ್ 864. ಅಂದರೆ ನನ್ನದು ಅಗ್ಗದ ಕ್ಯಾಮೆರಾಕ್ಕಿಂತ ನಾಲ್ಕು ಪಟ್ಟು ದೊಡ್ಡದು, ಎಪಿಎಸ್-ಸಿಯ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ.

ದೊಡ್ಡದಾದರೆ ಏನು ಲಾಭ? ಜೂನಿನ ಮೊದಲ ಮಳೆ ಅಂಗಳಕ್ಕೆ ಬೀಳುವುದನ್ನು ನೆನೆಸಿಕೊಳ್ಳಿ. ಆರಂಭದ ನಾಲ್ಕು ಹನಿ ಅಂಗಳವನ್ನು ಚುಕ್ಕೆ ಚುಕ್ಕೆ ಮಾಡುತ್ತವೆ. ಇಲ್ಲೊಂದು ಕಡೆ ದಟ್ಟ, ಅಲ್ಲೊಂದು ಕಡೆ ಒಣ. ಹತ್ತು ನಿಮಿಷ ಸುರಿದ ಮೇಲೆ ಇಡೀ ಅಂಗಳ ಒಂದೇ ಬಣ್ಣ. ಬೆಳಕೂ ಹನಿಹನಿಯಾಗಿಯೇ ಬೀಳುತ್ತದೆ. ಆ ಹನಿಗೆ ಫೋಟಾನ್ ಎಂದು ಹೆಸರು. ಒಂದು ಜಾಗಕ್ಕೆ ಸರಾಸರಿ 100 ಹನಿ ಬೀಳುವಾಗ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಹನಿ ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ. ಕತ್ತಲೆಯಲ್ಲಿ ತೆಗೆದ ಫೋಟೊದಲ್ಲಿ ರವೆ ಚೆಲ್ಲಿದಂತೆ ಕಾಣುವುದು ಬಹುಪಾಲು ಈ ಏರುಪೇರೇ. ಅದು ಕ್ಯಾಮೆರಾದ ದೋಷ ಎನ್ನುವುದಕ್ಕಿಂತ ಹನಿಗಳ ಕೊರತೆ. ಐಎಸ್‌ಒ (ಚಿತ್ರವನ್ನು ಬೆಳಗಿಸುವ ಸಂಖ್ಯೆ) ಏರಿಸಿದರೆ ಹನಿ ಹೆಚ್ಚುವುದಿಲ್ಲ. ಬಿದ್ದ ಅಷ್ಟನ್ನೇ ದೊಡ್ಡದು ಮಾಡಿ ತೋರಿಸಿದಂತೆ, ರವೆಯೂ ಜೊತೆಗೇ ದೊಡ್ಡದಾಗುತ್ತದೆ.

ಇಲ್ಲಿಯವರೆಗಿನ ಮಾತು ಎಲ್ಲ ಅಂಗಡಿಯವರೂ ಹೇಳುತ್ತಾರೆ: ಸೆನ್ಸರ್ ದೊಡ್ಡದು, ಹನಿ ಹೆಚ್ಚು, ಫೋಟೊ ನುಣುಪು. ಅವರು ಹೇಳದೆ ಬಿಡುವುದು ಮುಂದಿನ ಅರ್ಧ. ಹಂಡೆ ದೊಡ್ಡದಿದ್ದರೆ ಸಾಲದು, ಮಾಡಿನಿಂದ ಅದಕ್ಕೆ ನೀರು ತರುವ ದಬ್ಬೆಯೂ ಅಗಲ ಇರಬೇಕಲ್ಲ. ಕ್ಯಾಮೆರಾದಲ್ಲಿ ಆ ದಬ್ಬೆ ಎಂದರೆ ಲೆನ್ಸಿನ ತೂತು, ಅಪರ್ಚರ್.

ಎಫ್ 2.8, ಎಫ್ 5.6 ಎಂಬ ಸಂಖ್ಯೆಗಳು ತೂತಿನ ಅಳತೆಯಲ್ಲ, ಭಾಗಾಕಾರ. ಲೆನ್ಸಿನ ಫೋಕಲ್ ಲೆಂಗ್ತನ್ನು (ಜೂಮ್ ಮಾಡಿದಷ್ಟೂ ಹೆಚ್ಚುವ, ಮಿ.ಮೀ. ಲೆಕ್ಕದ ಅಳತೆ) ಆ ಸಂಖ್ಯೆಯಿಂದ ಭಾಗಿಸಿದರೆ ತೂತಿನ ನಿಜವಾದ ವ್ಯಾಸ ಸಿಗುತ್ತದೆ. ನನ್ನ ಕ್ಯಾಮೆರಾದ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ 25.7 ಮಿ.ಮೀ. ಆಗುತ್ತದೆ, ಆಗಲೂ ಎಫ್ 2.8 ತೆರೆಯುತ್ತದೆ. 25.7 ಭಾಗಿಸು 2.8, ಅಂದರೆ 9.2 ಮಿ.ಮೀ. ಅಂಗಿಯ ಗುಂಡಿಯಷ್ಟು.

ಈಗ ಭಾವ ತೋರಿಸುವ ದೊಡ್ಡ ಕ್ಯಾಮೆರಾ. ಎಪಿಎಸ್-ಸಿ ಬಾಡಿ, ಪೆಟ್ಟಿಗೆಯಲ್ಲೇ ಬರುವ 18-55 ಕಿಟ್ ಲೆನ್ಸ್. ನನ್ನ ಜೂಮಿನ ಚೌಕಟ್ಟಿಗೆ ಸರಿಸಮನಾಗಿ ಕಾಣಬೇಕಾದರೆ ಅದನ್ನು ಸುಮಾರು 47ಕ್ಕೆ ತಿರುಗಿಸಬೇಕು. ಅಲ್ಲಿ ಅಂಥ ಲೆನ್ಸುಗಳು ತೆರೆಯುವುದು ಎಫ್ 5.6ರ ಹತ್ತಿರ. 47 ಭಾಗಿಸು 5.6, ಅಂದರೆ 8.4 ಮಿ.ಮೀ.

ಎರಡು ಸಲ ಓದಿಕೊಳ್ಳಬೇಕಾದ ಸಂಗತಿ ಇದು. ಮೂರು ಪಟ್ಟು ದೊಡ್ಡ ಸೆನ್ಸರ್, ಎರಡು ಪಟ್ಟು ತೂಕ, ಕುತ್ತಿಗೆಗೆ ಪಟ್ಟಿ, ಇಷ್ಟೆಲ್ಲ ಆದ ಮೇಲೂ ಅದೇ ದೃಶ್ಯದಿಂದ ಒಳಗೆ ಬರುವ ಬೆಳಕಿನ ತೂತು ನನ್ನ ಕಿಸೆಯ ಡಬ್ಬಿಗಿಂತ ಕೂದಲೆಳೆಯಷ್ಟು ಚಿಕ್ಕದು. ಹನಿಗಳ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಕತ್ತಲೆಯ ಫೋಟೊದಲ್ಲಿ ರವೆಯೂ ಸಮ, ಹಿನ್ನೆಲೆ ಮಸುಕಾಗುವುದೂ ಸಮ. ಸೆನ್ಸರ್ ತಂತ್ರಜ್ಞಾನ ಹೊಸದಾದರೆ ಸ್ವಲ್ಪ ವ್ಯತ್ಯಾಸ ಬಂದೀತು, ಪೂರ್ತಿ ಸುಳ್ಳಾಗುವಷ್ಟಲ್ಲ.

ಅದೇ ಬಾಡಿಗೆ ಕಿಟ್ ಲೆನ್ಸ್ ತೆಗೆದು 50 ಮಿ.ಮೀ. ಎಫ್ 1.8 ಹಾಕಿ. ಹಲವು ಕಂಪನಿಗಳು ಮಾಡುವ, ಅವರವರ ಪಟ್ಟಿಯಲ್ಲಿ ಅಗ್ಗದ ಸಾಲಿಗೇ ಸೇರುವ ಲೆನ್ಸ್. 50 ಭಾಗಿಸು 1.8, ಅಂದರೆ 27.8 ಮಿ.ಮೀ. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಅಂಗಿಯ ಗುಂಡಿಯ ಪಕ್ಕ ಆ ನಾಣ್ಯ ಇಟ್ಟು ನೋಡಿ. ವ್ಯಾಸ ಮೂರು ಪಟ್ಟು, ಆದ್ದರಿಂದ ವಿಸ್ತೀರ್ಣ ಒಂಬತ್ತು ಪಟ್ಟು. ಬೆಳಕು ಎರಡರಷ್ಟಾದರೆ ಫೋಟೊ ತೆಗೆಯುವವರು ಅದನ್ನು ಒಂದು ಸ್ಟಾಪ್ ಎನ್ನುತ್ತಾರೆ. ಇದು ಮೂರು ಸ್ಟಾಪಿಗೂ ಸ್ವಲ್ಪ ಮೇಲೆ.

ಅಂಗಡಿಯ ಗಾಜಿನ ಹಿಂದೆ ಇರುವ ಬಾಡಿಯನ್ನು ನೋಡಿ 'ಅಪ್‌ಗ್ರೇಡ್' ಎನ್ನುವುದು ಅರ್ಧ ಸತ್ಯ ಎನ್ನುವುದು ಇದಕ್ಕೇ. ಬಾಡಿ ಮತ್ತು ಕಿಟ್ ಲೆನ್ಸಿನ ಜೋಡಿ ಕೊಂಡು ಅಲ್ಲಿಗೇ ನಿಲ್ಲಿಸುವವರು, ನನ್ನಂಥ ಕ್ಯಾಮೆರಾ ಈಗಾಗಲೇ ಇದ್ದರೆ, ದುಡ್ಡು ಕೊಟ್ಟು ಇದ್ದ ಜಾಗದಲ್ಲೇ ನಿಂತಂತೆ.

ಈ ಲೆಕ್ಕ ಹೊಟ್ಟೆಗಿಳಿಯಬೇಕಾದರೆ ಒಂದು ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಬೇಕು. ಬಡಗುತಿಟ್ಟಿನ ರಂಗಸ್ಥಳ, ಮೇಲೆ ನಾಲ್ಕಾರು ದೀಪ. ಭಾಗವತರು ಕುಳಿತಿರುವಾಗ ತೊಂದರೆ ಇಲ್ಲ, ಸೆಕೆಂಡಿನ ಅರುವತ್ತನೇ ಒಂದು ಪಾಲಿನಲ್ಲೂ ಚಿತ್ರ ನಿಲ್ಲುತ್ತದೆ. ಮಂಡಿ ಕುಣಿತ ಶುರುವಾದರೆ ಆಟ ಬೇರೆ. ಮಂಡಿಯೂರಿ ಗಿರಗಿರ ತಿರುಗುವವನ ಮುಖ ಸ್ಪಷ್ಟವಾಗಿ ನಿಲ್ಲಬೇಕಾದರೆ ಕನಿಷ್ಠ 1/250 ಸೆಕೆಂಡಿನ ಶಟರ್ ವೇಗ ಬೇಕು. ಸಾಧಾರಣ ಬೆಳಕಿನ ರಂಗಸ್ಥಳದಲ್ಲಿ ನನ್ನ ಕ್ಯಾಮೆರಾ ಎಫ್ 2.8ಕ್ಕೆ, 1/250ಕ್ಕೆ ಐಎಸ್‌ಒ 1600 ಕೇಳುತ್ತದೆ. ಫೋಟೊ ಬರುತ್ತದೆ. ಕೇದಿಗೆ ಮುಂದಲೆಯ (ವೇಷದ ತಲೆಯ ಕಟ್ಟಿನ) ಅಂಚಿನ ಕುಸುರಿ ಕರಗಿರುತ್ತದೆ, ಕಪ್ಪು ಪರದೆಯ ಮೇಲೆ ರವೆ. ಕಿಟ್ ಲೆನ್ಸಿನ ದೊಡ್ಡ ಕ್ಯಾಮೆರಾಕ್ಕೆ ಅಲ್ಲೇ ಐಎಸ್‌ಒ 6400 ಬೇಕು, ಏಕೆಂದರೆ ಎಫ್ 5.6ರಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಬೀಳುವುದು ಕಾಲು ಭಾಗದ ಬೆಳಕು. ಮೂರು ಪಟ್ಟು ದೊಡ್ಡ ಹಲಗೆ, ಕಾಲು ಪಾಲು ಮಳೆ. ಲಾಭ ಸೋರಿಹೋಯಿತು. 50ರ ಲೆನ್ಸ್ ಹಾಕಿದರೆ ಐಎಸ್‌ಒ 640ಕ್ಕೇ ಮುಗಿಯುತ್ತದೆ. ಆಗ ಕುಸುರಿ ಉಳಿಯುತ್ತದೆ, ಬೆವರು ಹರಿದ ಬಣ್ಣದ ಗೆರೆಯೂ ಕಾಣುತ್ತದೆ.

ಹಾಗೆಂದು ದೊಡ್ಡ ತೂತು ಬರೀ ವರವೂ ಅಲ್ಲ. ತೂತು ದೊಡ್ಡದಾದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ. ಮೂಗು ಫೋಕಸ್ ಆಗಿ ಕಣ್ಣು ಮಸುಕಾದ ವೇಷಧಾರಿಯ ಫೋಟೊ ಯಾರಿಗೂ ಬೇಡ. ಕಿಸೆ ಕ್ಯಾಮೆರಾದ ಗುಣವೇ ಇದರ ಉಲ್ಟಾ. ನನ್ನದರಲ್ಲಿ ಎಫ್ 4 ಇಟ್ಟರೆ ಫೋಕಸಿನ ಆಳ ಫುಲ್ ಫ್ರೇಮಿನ ಎಫ್ 11ರಷ್ಟು. ಯಾಣದಲ್ಲಿ ಕಾಲ ಬುಡದ ಜರಿಗಿಡದಿಂದ ಹಿಡಿದು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ತುದಿಯವರೆಗೆ ಒಂದೇ ಚೌಕಟ್ಟಿನಲ್ಲಿ ಎಲ್ಲವೂ ಸ್ಪಷ್ಟ, ಅದೂ ಕೈಯಲ್ಲೇ ಹಿಡಿದು. ದೊಡ್ಡ ಸೆನ್ಸರಿನವರು ಅಷ್ಟೇ ಆಳ ಬೇಕೆಂದರೆ ತೂತು ಕಿರಿದು ಮಾಡಿ, ಬೆಳಕು ಕಡಿಮೆಯಾಗಿ, ಟ್ರೈಪಾಡ್ ಬಿಚ್ಚಬೇಕು. ಒಂದು ಎಚ್ಚರ: ಚಿಕ್ಕ ಸೆನ್ಸರಿನಲ್ಲಿ ಎಫ್ 8, ಎಫ್ 11ಕ್ಕೆ ಹೋಗಬೇಡಿ. ತೂತು ತೀರಾ ಕಿರಿದಾದರೆ ಬೆಳಕು ಅಂಚಿಗೆ ತಾಗಿ ಹರಡುತ್ತದೆ. ಎಫ್ 8ರಲ್ಲಿ ಒಂದು ಚುಕ್ಕೆ ಸುಮಾರು 10 ಮೈಕ್ರಾನ್ ಅಗಲಕ್ಕೆ ಹಬ್ಬುತ್ತದೆ, ನನ್ನ ಸೆನ್ಸರಿನ ಒಂದು ಪಿಕ್ಸೆಲ್ ಇರುವುದು 2.4 ಮೈಕ್ರಾನ್. ಎಫ್ 4, ಹೆಚ್ಚೆಂದರೆ 5.6, ಅಲ್ಲಿಗೆ ನಿಲ್ಲಿಸಿದರೆ ಒಳ್ಳೆಯದು.

ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಬೀಳುವುದನ್ನು ರೇಷ್ಮೆಯಂತೆ ಹರಿಸಬೇಕೆಂಬ ಆಸೆ ಹಲವರಿಗೆ. ಅದಕ್ಕೆ ಅರ್ಧ ಸೆಕೆಂಡು ಶಟರ್ ತೆರೆದಿರಬೇಕು, ಹಗಲಿನಲ್ಲಿ ಬೆಳಕು ಅತಿಯಾಗುತ್ತದೆ. ನನ್ನ ಮಾದರಿಯ ಒಳಗೇ ಮೂರು ಸ್ಟಾಪ್ ಕತ್ತಲು ಮಾಡುವ ಎನ್‌ಡಿ ಫಿಲ್ಟರ್ ಇದೆ, ಬಟನ್ನಿನಲ್ಲಿ ಹಾಕಬಹುದು. ಮೋಡ ಕವಿದ ಸಂಜೆ, ಕಟ್ಟೆಯ ಮೇಲೆ ಕ್ಯಾಮೆರಾ ಊರಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಆಯಿತು. ನನಗೇನೋ ನೀರು ನೀರಿನಂತೆ ಕಂಡರೇ ಇಷ್ಟ, ಆ ಮಾತು ಬೇರೆ.

ಹಕ್ಕಿಯ ಲೆಕ್ಕದಲ್ಲಿ ಮಾತ್ರ ಈ ಡಬ್ಬಿ ಸೋತಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ದಾಂಡೇಲಿಯ ಮರದ ತುದಿಯಲ್ಲಿ ಕುಳಿತ ಮಂಗಟ್ಟೆ ಹಕ್ಕಿ ನನ್ನ ಫೋಟೊದಲ್ಲಿ ಎಲೆಯ ಮೇಲಿನ ಇರುವೆ. ಫುಲ್ ಫ್ರೇಮಿನ ಲೆಕ್ಕದಲ್ಲಿ ಹೇಳಿದರೆ ನನ್ನದು 24-70ರ ಜೂಮ್, ಅದಕ್ಕಿಂತ ಹೆಚ್ಚು ಕೈಲಾಗದು. ಆದರೆ ಇಲ್ಲಿಯೂ ಬೇಕಾದದ್ದು ದೊಡ್ಡ ಸೆನ್ಸರ್ ಅಲ್ಲ, ಉದ್ದದ ಲೆನ್ಸ್. ಸೋನಿಯದೇ ಆರ್‌ಎಕ್ಸ್10ರ ಮೂರು ಮತ್ತು ನಾಲ್ಕನೆಯ ಮಾದರಿಗಳಲ್ಲಿರುವುದು ನನ್ನದರಷ್ಟೇ ದೊಡ್ಡ ಒಂದು ಇಂಚಿನ ಸೆನ್ಸರ್, ಮುಂದೆ ಅದೇ ಲೆಕ್ಕದಲ್ಲಿ 24-600ರ ಲೆನ್ಸ್. ತೂಕ ಒಂದು ಕಿಲೋ ದಾಟುತ್ತದೆ. ಹಕ್ಕಿಯ ಹುಚ್ಚು ಹತ್ತಿದವರಿಗೆ ಎಪಿಎಸ್-ಸಿ ಬಾಡಿ ಮತ್ತು ಕಿಟ್ ಲೆನ್ಸಿಗಿಂತ ಅದು ಎಷ್ಟೋ ಪಾಲು ಉಪಕಾರಿ. ಸೆನ್ಸರ್ ಹಾಗೇ ಇದ್ದರೂ ಅದೂ ಒಂದು ಅಪ್‌ಗ್ರೇಡೇ.

ಸರಣಿಯ ಒಳಗೇ ಮೇಲಕ್ಕೆ ಹೋಗುವ ದಾರಿಯೂ ಇದೆ, ಅದು ನೆಟ್ಟಗಿಲ್ಲ. 2012ರಲ್ಲಿ ಮೊದಲನೆಯದು ಬಂತು, 2019ರ ಹೊತ್ತಿಗೆ ಏಳು. ನನ್ನ ಮೂರನೆಯದಕ್ಕೂ 2016ರ ಐದನೆಯದಕ್ಕೂ ಜೂಮಿನ ವ್ಯಾಪ್ತಿ, ತೂತಿನ ಅಳತೆ ಎರಡೂ ಒಂದೇ, ಬದಲಾದ ಮುಖ್ಯ ಸಂಗತಿ ಫೋಕಸ್. ನನ್ನದು ಲೆನ್ಸನ್ನು ಹಿಂದೆ ಮುಂದೆ ಆಡಿಸಿ, ಎಲ್ಲಿ ಚಿತ್ರ ಗರಿಷ್ಠ ಸ್ಪಷ್ಟ ಎಂದು ಹುಡುಕುತ್ತದೆ. ಐದನೆಯದು ಸೆನ್ಸರಿನ ಮೇಲೇ ಇರುವ 315 ಬಿಂದುಗಳಿಂದ ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂದು ಮೊದಲೇ ತಿಳಿದುಕೊಳ್ಳುತ್ತದೆ. ಓಡುವ ಮಗು, ಎದುರಿಗೆ ಬರುವ ದೋಣಿ ಎಂದರೆ ಅದು ವರ. ಕುಳಿತ ಅಜ್ಜನಿಗೆ ಎರಡೂ ಒಂದೇ. ಆರು ಮತ್ತು ಏಳನೆಯದರಲ್ಲಿ ಜೂಮ್ 200ರವರೆಗೆ ಉದ್ದವಾಯಿತು, ಬದಲಿಗೆ ಲೆನ್ಸ್ ಎಫ್ 2.8ರಿಂದ ಶುರುವಾಗಿ 4.5ಕ್ಕೆ ಕೊನೆಯಾಗುತ್ತದೆ, ಒಳಗಿನ ಎನ್‌ಡಿ ಫಿಲ್ಟರೂ ಹೋಯಿತು. ಅಂದರೆ ಹೊಸದು ಕೊಂಡವನು ಬಂದರಿನ ದೋಣಿಗೆ ಹತ್ತಿರವಾಗುತ್ತಾನೆ, ರಂಗಸ್ಥಳದ ಬೆಳಕಿನಿಂದ ದೂರವಾಗುತ್ತಾನೆ. ಸಂಖ್ಯೆ ದೊಡ್ಡದು ಎಂದ ಮಾತ್ರಕ್ಕೆ ಅದು ಹಿಂದಿನದರ ಅಣ್ಣ ಅಲ್ಲ, ದಾಯಾದಿ.

ಪಿಕ್ಸೆಲಿನ ಬಗ್ಗೆ ಹೆಚ್ಚು ಮಾತು ಬೇಡ. 20 ಮೆಗಾಪಿಕ್ಸೆಲ್ ಎಂದರೆ 5472 ಗುಣಿಸು 3648. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೂ 18 ಗುಣಿಸು 12 ಇಂಚಿನ ಫೋಟೊ ಆಗುತ್ತದೆ, ಜಗುಲಿಯ ಗೋಡೆಗೆ ಸಾಕು. 24ಕ್ಕೆ ಏರಿದರೆ ಅಗಲದಲ್ಲಿ ಹೆಚ್ಚುವುದು ನೂರಕ್ಕೆ ಹತ್ತರಷ್ಟೂ ಇಲ್ಲ. ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಕ್ಕಾದರೆ ಈ ಚರ್ಚೆಯೇ ಹಾಸ್ಯ.

ಫೋನ್ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಕಾರ್ಖಾನೆಗಳಿಂದ ಹೊರಬಿದ್ದಿದ್ದವು, 2023ರಲ್ಲಿ 80 ಲಕ್ಷಕ್ಕಿಂತ ಕಡಿಮೆ. ಉಳಿದದ್ದನ್ನು ನುಂಗಿದ್ದು ಫೋನೇ. ಒಳ್ಳೆಯ ಫೋನು ಒಂದು ಕ್ಲಿಕ್ಕಿಗೆ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸಿ ರವೆ ಒರೆಸುತ್ತದೆ, ಹನಿ ಸಾಲದಿದ್ದರೆ ಹತ್ತು ಬಾರಿ ಹಿಡಿದು ಹಂಡೆ ತುಂಬಿಸಿದಂತೆ. ನಿಂತ ದೃಶ್ಯಕ್ಕೆ ಅದು ಅದ್ಭುತ. ಕುಣಿಯುವವನ ಮುಂದೆ ಆ ಉಪಾಯ ಎಡವುತ್ತದೆ, ಒಂದೊಂದು ಚಿತ್ರದಲ್ಲಿ ಕೈ ಒಂದೊಂದು ಕಡೆ ಇರುತ್ತದಲ್ಲ. ಇನ್ನೊಂದು ಕಾರಣ ಸರಳ. ಮಧ್ಯಾಹ್ನ ಟ್ಯಾಗೋರ್ ಕಡಲತೀರದಲ್ಲಿ ನಿಂತು ಫೋನಿನ ಪರದೆ ನೋಡಿ, ನಿಮ್ಮದೇ ಮುಖ ಕಾಣುತ್ತದೆ. ನನ್ನ ಕ್ಯಾಮೆರಾದ ಮೂಲೆಯಿಂದ ಒಂದು ಪುಟ್ಟ ವ್ಯೂಫೈಂಡರ್ ಮೇಲೆದ್ದು ಬರುತ್ತದೆ. ಅದಕ್ಕೆ ಕಣ್ಣು ಒತ್ತಿದರೆ ಬಿಸಿಲಿನ ಹಂಗಿಲ್ಲ. (ಕಾರವಾರದಲ್ಲಿ ಕ್ಯಾಮೆರಾ ಎತ್ತುವ ಮುಂಚೆ ಸುತ್ತ ಬೋರ್ಡು ನೋಡಿಕೊಳ್ಳಿ. ನೌಕಾನೆಲೆಯ ಕಡೆಗೆ ಯಾವ ಸೆನ್ಸರೂ ಬೇಡ.)

ಚಿಕ್ಕದಾಗಿರುವುದಕ್ಕೂ ಒಂದು ಬೆಲೆ ಇದೆ, ಅದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ದೊಡ್ಡ ಕ್ಯಾಮೆರಾ ಎತ್ತಿದರೆ "ಯಾವ ಪೇಪರಿನವರು?" ಎಂಬ ಪ್ರಶ್ನೆ ಬರುತ್ತದೆ, ಕೂಡಲೇ ಸೆರಗು ಸರಿಯಾಗುತ್ತದೆ, ಮುಖ ಗಟ್ಟಿಯಾಗುತ್ತದೆ. ಡಬ್ಬಿ ಹಿಡಿದವನನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಕೇಳಿಯೇ ತೆಗೆಯಬೇಕು ಎಂಬುದು ಬೇರೆ ಮಾತು. ಆದರೆ ಕೇಳಿದ ಮೇಲೂ ಚಿಕ್ಕ ಕ್ಯಾಮೆರಾದ ಮುಂದೆ ಜನ ತಮ್ಮಂತೆಯೇ ಇರುತ್ತಾರೆ. ಇದರ ಶಟರ್ ಕೂಡ ಲೆನ್ಸಿನ ಒಳಗಿನ ಎಲೆಗಳ ಬಗೆಯದ್ದು, ಸದ್ದು ಕೇಳಿಸುವುದೇ ಇಲ್ಲ. ಪೂಜೆಯ ಹೊತ್ತಿಗೆ ಇದೊಂದು ದೊಡ್ಡ ಮರ್ಯಾದೆ.

ಹಾಗಾದರೆ ತೀರ್ಮಾನ ಹೇಗೆ? ಬೇರೆಯವರ ವಿಮರ್ಶೆ ಓದುವುದನ್ನು ಬಿಟ್ಟು ನಿಮ್ಮದೇ ಕಳೆದ ಒಂದು ವರ್ಷದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಪ್ರತಿ ಫೋಟೊದ ಹಿಂದೆ ಜೂಮ್ ಎಷ್ಟು, ಶಟರ್ ಎಷ್ಟು, ಐಎಸ್‌ಒ ಎಷ್ಟು ಎಂಬ ದಾಖಲೆ ಇರುತ್ತದೆ. ಮೆಚ್ಚಿದ್ದನ್ನು ಬಿಟ್ಟು, ಕೈತಪ್ಪಿದ್ದನ್ನು ನೋಡಬೇಕು. ನಾನು ಒಂದು ಭಾನುವಾರ ಕುಳಿತು ನೋಡಿದೆ. ಅರ್ಧಕ್ಕಿಂತ ಹೆಚ್ಚು ಕೆಟ್ಟ ಫೋಟೊಗಳಿಗೆ ಕ್ಯಾಮೆರಾ ಹೊಣೆಯೇ ಅಲ್ಲ. ಕೈ ಅಲುಗಿದೆ, ಶಟರ್ 1/30ರಲ್ಲಿ ಬಿಟ್ಟು ಮಗುವಿನ ಹಿಂದೆ ಓಡಿದ್ದೇನೆ. ಶಟರ್ ವೇಗವನ್ನು ನಾವೇ ಆರಿಸುವ ಶಟರ್ ಪ್ರಯಾರಿಟಿಗೆ ಹಾಕಿ 1/250 ಇಟ್ಟಿದ್ದರೆ ಮುಗಿಯುತ್ತಿತ್ತು. ಯಾಣದ ಕಪ್ಪು ಬಂಡೆ ಬೂದಿ ಬಣ್ಣಕ್ಕೆ ತಿರುಗಿದೆ, ಪಕ್ಕದ ಆಕಾಶ ಬಿಳಿ ಹಾಳೆ. ಇದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಸ್ವಭಾವ. ಅದು ಎದುರಿಗೆ ಏನಿದ್ದರೂ ನಡುಬೂದು ಎಂದೇ ತಿಳಿಯುತ್ತದೆ, ಕಪ್ಪನ್ನು ಬೆಳ್ಳಗೆ ಮಾಡುತ್ತದೆ, ನೊರೆಯನ್ನು ಕಪ್ಪಗೆ ಮಾಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎಂಬ ಗುಂಡಿಯಿಂದ ಬಂಡೆಗೆ ಮುಕ್ಕಾಲು ಸ್ಟಾಪಿನಷ್ಟು ಕೆಳಗೆ, ಕಡಲ ನೊರೆಗೆ ಅಷ್ಟೇ ಮೇಲೆ. ಇದಕ್ಕೆ ಖರ್ಚು ಶೂನ್ಯ. ಕೆಲವು ಒಳ್ಳೆಯ ಕ್ಷಣ ಬ್ಯಾಟರಿ ಮುಗಿದು ಹೋಗಿವೆ. ಈ ಮಾದರಿಯ ಬ್ಯಾಟರಿ ಸುಮಾರು 320 ಫೋಟೊಗೆಂದು ಕಂಪನಿಯ ಲೆಕ್ಕ, ಜಾತ್ರೆಯ ಮಧ್ಯಾಹ್ನಕ್ಕೇ ಅದು ಖಾಲಿ. ಇನ್ನೊಂದು ಬ್ಯಾಟರಿ ತಂದೆ. ನಾನು ಮಾಡಿದ ಅತ್ಯಂತ ಅಗ್ಗದ ಅಪ್‌ಗ್ರೇಡ್ ಅದು.

ರವೆಯ ಫೋಟೊಗಳಿಗೆ ಮದ್ದಿನ ಒಂದು ಭಾಗ ಕಂಪ್ಯೂಟರಿನಲ್ಲೇ ಸಿಕ್ಕಿತು. ಜೆಪೆಗ್ ಬದಲು, ಸೆನ್ಸರಿಗೆ ಸಿಕ್ಕಿದ್ದನ್ನು ಹಾಗೇ ಉಳಿಸುವ ರಾ ಕಡತ ತೆಗೆದಿಟ್ಟುಕೊಂಡಿದ್ದರೆ ಈಗಿನ ತಂತ್ರಾಂಶ ಅದರ ರವೆಯನ್ನು ಗುರುತಿಸಿ ಒರೆಸುತ್ತದೆ. ಅಡೋಬಿಯ ಲೈಟ್‌ರೂಮ್‌ಗೆ ಈ ಸೌಕರ್ಯ 2023ರಲ್ಲಿ ಬಂತು. ಹಳೆಯ ಆಟದ ಫೋಟೊಗಳನ್ನು ಅದರಲ್ಲಿ ಹಾಯಿಸಿದಾಗ ನನ್ನ ಕಣ್ಣಿಗೆ ಒಂದೂವರೆ ಸ್ಟಾಪಿನಷ್ಟು ಗೆದ್ದಂತೆ ಕಂಡಿತು. ಮುಖದ ಚರ್ಮ ಮೇಣದಂತೆ ಆಗದ ಹಾಗೆ ಕೈ ಹಿಡಿತದಲ್ಲಿರಬೇಕು. ಹತ್ತು ವರ್ಷ ಹಳೆಯ ಕ್ಯಾಮೆರಾ ಈಗ ಕೊಂಡಾಗಿನದಕ್ಕಿಂತ ಚೆನ್ನಾಗಿದೆ ಎಂದರೆ ಭಾವ ನಂಬುವುದಿಲ್ಲ.

ಇಷ್ಟೆಲ್ಲ ಸೋಸಿದ ಮೇಲೂ ಒಂದು ಸಣ್ಣ ರಾಶಿ ಉಳಿಯಿತು: ರಾತ್ರಿ, ಚಲನೆ, ಮನುಷ್ಯರು. ಆಟದ ಮಂಡಿ ಕುಣಿತ, ಹೋಳಿಯ ಹೊತ್ತಿಗೆ ಶಿರಸಿಯ ಬೀದಿಗಳಲ್ಲಿ ಹಗ್ಗ ಕಟ್ಟಿ ಹಿಡಿದವರನ್ನೂ ಎಳೆದುಕೊಂಡು ನುಗ್ಗುವ ಬೇಡರ ವೇಷ. ಇಲ್ಲಿ ಅಭ್ಯಾಸ, ತಂತ್ರಾಂಶ ಎರಡೂ ದಣಿದಿವೆ. ಹನಿಗಳೇ ಸಾಲುತ್ತಿಲ್ಲ. ಬೇಕಾದದ್ದು ನಾಣ್ಯದಷ್ಟು ತೂತು. ಗೆಳೆಯನೊಬ್ಬನ ಎಪಿಎಸ್-ಸಿ ಬಾಡಿ, 50ರ ಲೆನ್ಸ್ ಎರವಲು ತಂದು ಒಂದು ರಾತ್ರಿ ಬೇಡರ ವೇಷದ ಹಿಂದೆ ಓಡಿದೆ. ನವಿಲುಗರಿಯ ಕಟ್ಟಿನ ಒಂದೊಂದು ಎಳೆಯೂ ನಿಂತಿತ್ತು. ಮರುದಿನ ಅದೇ ಕ್ಯಾಮೆರಾವನ್ನು ತೋಟಕ್ಕೆ ಒಯ್ಯಲಿಲ್ಲ, ಕುತ್ತಿಗೆ ನೋಯುತ್ತಿತ್ತು. ಕಿಸೆಯ ಡಬ್ಬಿಯೇ ಬಂತು. ಹಾಗಾಗಿ ನನ್ನ ಲೆಕ್ಕಕ್ಕೆ ಬದಲಿಸುವ ಮಾತಿಲ್ಲ. ಕೊಂಡರೆ ಒಂದು ಹಳೆಯ ಬಾಡಿ, ಒಂದೇ 50ರ ಲೆನ್ಸ್, ರಾತ್ರಿಗೆ ಮಾತ್ರ. ಕಿಟ್ ಲೆನ್ಸ್ ಪುಕ್ಕಟೆ ಕೊಟ್ಟರೂ ಬೇಡ.

ನಮ್ಮ ಸೀಮೆಯಲ್ಲಿ ಹಳೆಯ ಲೆನ್ಸ್ ಕೊಳ್ಳುವುದು ಅಂದರೆ ಬೂಷ್ಟಿನ ಜೊತೆ ಜೂಜಾಡಿದ ಹಾಗೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಗಾಜಿನ ಒಳಗೆ ಫಂಗಸ್ ಜೇಡರಬಲೆ ನೇಯುತ್ತದೆ. ನನ್ನ ಮೊದಲ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ ಮರದ ಕಪಾಟಿನಲ್ಲಿ ಒಂದು ಮಳೆಗಾಲ ಇಟ್ಟಿದ್ದೆ, ದೀಪಾವಳಿಗೆ ತೆಗೆದಾಗ ಲೆನ್ಸ್ ಕುರುಡಾಗಿತ್ತು. ತಪ್ಪು ನನ್ನದೇ. ಬಿಚ್ಚಲಾಗದ ಲೆನ್ಸಿನ ಕಿಸೆ ಕ್ಯಾಮೆರಾಕ್ಕೆ ಇದು ಇನ್ನೂ ಅಪಾಯ, ಒಳಗೆ ಹಿಡಿದರೆ ಇಡೀ ಕ್ಯಾಮೆರಾ ಬಿಚ್ಚಬೇಕು. ಮೇಲಾಗಿ ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗಲೆಲ್ಲ ಗಾಳಿಯನ್ನೂ ಧೂಳನ್ನೂ ಎಳೆದುಕೊಳ್ಳುತ್ತದೆ. ಕಡಲ ಉಪ್ಪಿನ ಗಾಳಿಯಲ್ಲಿ ಸುಮ್ಮಸುಮ್ಮನೆ ಆನ್ ಆಫ್ ಮಾಡಬಾರದು ಎನ್ನುವುದು ಅದಕ್ಕೇ. ಈಗ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ತೇವಾಂಶದ ಮೀಟರ್. ಮುಳ್ಳು 40 ಮತ್ತು 50ರ ನಡುವೆ ಇದ್ದರೆ ನೆಮ್ಮದಿ, 60 ದಾಟಿದರೆ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಹಾಕುತ್ತೇನೆ. ಅಕ್ಕಿಯ ಡಬ್ಬದಲ್ಲಿ ಇಡಿ ಎನ್ನುವವರಿದ್ದಾರೆ, ಇಡಬೇಡಿ. ಆ ಹಿಟ್ಟಿನ ಧೂಳು ಜೂಮಿನ ಸಂದಿಗೆ ಸೇರುತ್ತದೆ.

ಕಳೆದ ತಿಂಗಳು ಒಂದು 50ರ ಲೆನ್ಸ್ ಮಾರಾಟಕ್ಕಿದೆ ಎಂದು ಕುಮಟಾದಲ್ಲಿ ಇಳಿದು ನೋಡಿದೆ. ಹೊರಗೆ ಗೆರೆ ಇಲ್ಲ, ಮುಚ್ಚಳ ಹೊಸದು, ಬೆಲೆಯೂ ಹಿತವಾಗಿತ್ತು. ತೂತು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಕಿ ಓರೆಯಾಗಿ ಹಿಡಿದೆ. ಅಂಚಿನಲ್ಲಿ ಬಿಳಿಯ ಎಳೆ, ಸೂಜಿಯಷ್ಟು ತೆಳ್ಳಗೆ, ಕವಲೊಡೆದು ನಡುವಿಗೆ ಹೊರಟಿತ್ತು. ಮಾರುವವರು "ಅದು ಧೂಳು, ಒರೆಸಿದರೆ ಹೋಗ್ತದೆ" ಎಂದರು. ಧೂಳು ಕವಲೊಡೆಯುವುದಿಲ್ಲ. ಲೆನ್ಸ್ ಅವರ ಕೈಗೇ ಕೊಟ್ಟು, ಮುಂದಿನ ಬಸ್ಸಿಗೆ ಘಟ್ಟ ಹತ್ತಿದೆ. ಕಿಸೆಯಲ್ಲಿ ಡಬ್ಬಿ ತೊಡೆಗೆ ಒತ್ತುತ್ತಿತ್ತು.